ಚಿಪ್ಪಿನ ಹೆಂಗಸರ ಮೆಟ್ಟಿಲು

ಬೆಳಗಿನ ಆರಕ್ಕೆ ಹೊಗೆಮನೆ ಸೇರಿ, ಹ್ಯಾಡಕ್ ಮೀನು ಸೀಳಿ ಸೀಳಿ ಹೊಗೆಯಲ್ಲಿ ಒಣಗಲು ಕಂಬಿಗೆ ನೇತುಹಾಕಿ, ಎರಡಕ್ಕೆ ಹೊರಬಿದ್ದರೆ ರೋನಾ ಮೇರ್‌ಗೆ ತನ್ನದು ಅಂತ ಉಳಿಯುತ್ತಿದ್ದುದು ಎರಡೇ ಗಂಟೆ. ನಾಲ್ಕಕ್ಕೆ ಹೆಣ್ಣುಮಕ್ಕಳಿಬ್ಬರೂ ಶಾಲೆಯಿಂದ ಹಸಿದುಕೊಂಡು ಬರುತ್ತಿದ್ದರು. ಆ ಎರಡು ಗಂಟೆಯನ್ನು ಅವಳು ಹನ್ನೊಂದು ವರ್ಷದಿಂದ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಸಮುದ್ರದ ಕೆಳಗೆ ಕಳೆಯುತ್ತಿದ್ದಳು. ಪೋರ್ಟ್‌ಗರ್ವಿ ಬಂದರಿನ ಹಳೇ ಮೆಟ್ಟಿಲಿಂದ ಇಳಿದರೆ ಇಪ್ಪತ್ತು ಹೆಜ್ಜೆಯಲ್ಲೇ ತಲೆ ಮುಳುಗುವ ನೀರು. ಮೂಳೆ ಕೊರೆಯುವ ಚಳಿ, ಆದರೆ ಅಲ್ಲಿ ಯಾರೂ ಅವಳನ್ನು ಕೂಗುವವರಿರಲಿಲ್ಲ.

ಮಾರ್ಚಿನಲ್ಲಿ ಬಂದರಿನ ಗೋಡೆ ಬಿರುಕುಬಿಟ್ಟಿತು. ಮೆಟ್ಟಿಲಿಗೆ ಬೇಲಿ ಬಿತ್ತು.

ಊರಿನ ಮುಳುಗು ಹಾಕುವವರ ಸಂಘಕ್ಕೆ ಇದ್ದ ಆಸ್ತಿ ಎರಡು. ಒಂದು, ಬಂದರಿನ ಶೆಡ್ಡಿನಲ್ಲಿದ್ದ ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ. ಇನ್ನೊಂದು, ನಲವತ್ತು ಮೈಲಿ ಆಚೆಯ ಪೇಟೆಯಲ್ಲಿ ಕಟ್ಟಿಹಾಕಿದ್ದ ದೋಣಿ. ಅಧ್ಯಕ್ಷ ಗ್ರೇಮ್ ಸ್ಲೇಟರ್‌ಗೆ ದೋಣಿ ಅಂದರೆ ಪ್ರಾಣ. ಮೂವತ್ತು ವರ್ಷ ಹಡಗುಗಳಿಗೆ ದಾರಿ ತೋರಿಸಿದ ಪೈಲಟ್ ಅವನು. ದಡದಿಂದ ನಡೆದುಕೊಂಡು ನೀರಿಗಿಳಿಯುವುದು ಅವನ ಕಣ್ಣಿಗೆ ಮಕ್ಕಳಾಟ. ಮೆಟ್ಟಿಲು ಮುಚ್ಚಿದ ಮೇಲೆ ಯಂತ್ರ ಇಲ್ಲಿ ಯಾಕೆ, ದೋಣಿಯ ಪಕ್ಕಕ್ಕೇ ಸಾಗಿಸೋಣ ಅಂದ. ಯಂತ್ರ ಹೋದರೆ ಗಾಳಿ ಹೋಯಿತು. ದೋಣಿಗೆ ಹೋಗಬೇಕೆಂದರೆ ಶನಿವಾರ ಪೂರ್ತಿ ಬೇಕು. ರೋನಾಳ ಶನಿವಾರ ಹೊಗೆಮನೆಗೂ ಒಗೆಯುವ ಬಟ್ಟೆಗೂ ಮುಡಿಪು. ಸಭೆಯಲ್ಲಿ ಅವಳು ಎದ್ದು ನಿಂತು, ದಡದಲ್ಲಿ ಇನ್ನೊಂದು ಜಾಗ ಹುಡುಕುತ್ತೇನೆ, ಸಮಯ ಕೊಡಿ ಅಂದಳು.

"ಈ ದಡದಲ್ಲಾ?" ಅಂದ ಗ್ರೇಮ್. "ಇಡೀ ದಡ ಉತ್ತರಕ್ಕೆ ಮುಖ ಮಾಡಿ ನಿಂತಿದೆ ಕಣಮ್ಮ. ಉತ್ತರದ ಗಾಳಿ ಎದ್ದ ದಿನ ಇಳಿದು, ನಿನ್ನ ಕಾಲಮೇಲೇ ನಡೆದು ಹೊರಗೆ ಬರೋ ಜಾಗ ಒಂದು ತೋರಿಸು. ಯಂತ್ರ ಇಲ್ಲೇ ಇರುತ್ತೆ."

ಅಕ್ಟೋಬರ್ ಕೊನೆಯವರೆಗೆ ಗಡುವು. ಗ್ರೇಮ್ ಕಣ್ಣಾರೆ ನೋಡಬೇಕು. ಒಪ್ಪಿಗೆಯಾದರೆ ಶೆಡ್ಡಿನ ನಕ್ಷೆಯಲ್ಲಿ ಒಂದು ಗುಂಡುಪಿನ್ನು. ಜಾಗಕ್ಕೆ ಹೆಸರಿಡುವ ಹಕ್ಕು ಹುಡುಕಿದವರದು. ಇದು ಸಂಘದ ಹಳೇ ಪದ್ಧತಿ.

ಬೇಸಿಗೆಯೆಲ್ಲ ರೋನಾ ದಡ ಅಳೆದಳು. ಜೊತೆಗೆ ಶಾಲೆಯ ಅಡುಗೆಯ ಟೀನಿ ಫ್ಲೆಟ್. ಅರವತ್ತೆರಡು ವರ್ಷ, ಸಮುದ್ರದಲ್ಲಿ ರೋನಾಳ ಜೋಡಿ. ಇಬ್ಬರೂ ಬಂಡೆಯ ಮೇಲೆ ಕೂತು ಓಟ್ಸ್ ರೊಟ್ಟಿ ತಿನ್ನುತ್ತ, ಕಿತ್ತಲೆ ಸಿಪ್ಪೆ ನೀರಿಗೆಸೆದು ಅದು ಎತ್ತ ಹೋಗುತ್ತದೆಂದು ನೋಡುವರು. ಒಂದು ಕಡೆ ಇಳಿಯಲು ಚೆಂದ, ಹತ್ತಲು ದಾರಿಯಿಲ್ಲ. ಇನ್ನೊಂದು ಕಡೆ ಎಲ್ಲ ಸರಿ, ಸಿಲಿಂಡರ್ ಹೊತ್ತು ಮುಕ್ಕಾಲು ಮೈಲಿ ಜೌಗಿನಲ್ಲಿ ನಡೆಯಬೇಕು. ಮತ್ತೊಂದು ಕಡೆ ಸೀಲ್ ಪ್ರಾಣಿಯೊಂದು ಟೀನಿ ಈಜಲು ಕಾಲಿಗೆ ತೊಟ್ಟ ರಬ್ಬರ್ ರೆಕ್ಕೆ ಹಿಡಿದೆಳೆದು ಬಿಡಲೇ ಇಲ್ಲ. ನನ್ನ ಗಂಡನೂ ಇಷ್ಟು ಆಸೆಪಟ್ಟು ಎಳೆದವನಲ್ಲ ಅಂತ ಟೀನಿ ವಾರಗಟ್ಟಲೆ ಹೇಳಿಕೊಂಡು ತಿರುಗಿದಳು.

ಆಗಸ್ಟಿನ ಒಂದು ಮಧ್ಯಾಹ್ನ ಉತ್ತರದ ಗಾಳಿ ಜೋರಾಗಿತ್ತು. ಊರಾಚೆ ಕಡಲಿಗೆ ಚಾಚಿದ ಹಂದಿಬಂಡೆಯ ಹೊರಮೈಗೆ ಅಲೆಗಳು ಬಡಿದು ಸಿಡಿಯುತ್ತಿದ್ದವು. ಅದರ ಬೆನ್ನಿಗೆ, ಕಿರಿದಾದ ಸೀಳಿನೊಳಗೆ, ಹತ್ತು ಹನ್ನೆರಡು ಈಡರ್ ಬಾತುಗಳು ಕೊಕ್ಕನ್ನು ರೆಕ್ಕೆಗೆ ಸಿಕ್ಕಿಸಿ ನಿದ್ದೆಹೊಡೆಯುತ್ತಿದ್ದವು. ರೋನಾ ರೊಟ್ಟಿ ಜೇಬಿಗಿಟ್ಟು ಕೆಳಗಿಳಿದಳು. ಜಾರುವ ಕಡಲಪಾಚಿಯ ಕೆಳಗೆ ಕೈಗೆ ಒಂದು ಕುಳಿ ಸಿಕ್ಕಿತು. ಹಿಮ್ಮಡಿ ಕೂರುವಷ್ಟು ದೊಡ್ಡದು. ಅದರ ಕೆಳಗೆ ಇನ್ನೊಂದು. ಪಾಚಿ ಕಿತ್ತು ಎಣಿಸಿದರೆ ಹನ್ನೊಂದು, ಕೊನೆಯದು ನೀರಿನಂಚಿಗೆ.

ಅಜ್ಜಿ ಹೇಳುತ್ತಿದ್ದುದು ನೆನಪಾಯಿತು. ಆ ಅಜ್ಜಿಯ ಅಜ್ಜಿಯ ಕಾಲದಲ್ಲಿ ಹೆಂಗಸರು ಗಾಳಕ್ಕೆ ಸಿಕ್ಕಿಸಲು ಬಂಡೆಚಿಪ್ಪು ಕೀಳಲು ಕತ್ತಲಲ್ಲೇ ಹಂದಿಬಂಡೆಗೆ ಹೋಗುತ್ತಿದ್ದರಂತೆ. ಬಂದು, ಗಂಡಂದಿರ ಕಾಲು ಒದ್ದೆಯಾಗಬಾರದೆಂದು ಅವರನ್ನು ಬೆನ್ನಮೇಲೆ ಹೊತ್ತು, ಸೊಂಟದ ನೀರಿನಲ್ಲಿ ನಡೆದು ದೋಣಿಗೆ ಕೂರಿಸುತ್ತಿದ್ದರಂತೆ. ಅಜ್ಜಿ ಇದನ್ನು ನಗುತ್ತ ಹೇಳುತ್ತಿರಲಿಲ್ಲ.

ಸೀಳಿನ ಒಳತುದಿಯಲ್ಲಿ ಗುಂಡುಕಲ್ಲಿನ ಪುಟ್ಟ ದಡವೂ ಇತ್ತು. ಆ ಹೆಂಗಸರು ಕೊರೆದಿದ್ದ ಕುಳಿಯ ಮೆಟ್ಟಿಲು ಉಬ್ಬರಕ್ಕೆ ಮುಳುಗಿದರೂ ಅಲ್ಲಿ ಏಳಬಹುದು, ಜಾರುವ ಬಂಡೆ ದಾಟುವ ಕಷ್ಟ ಒಂದು ಬಿಟ್ಟರೆ. ಎರಡು ಬಾಗಿಲಿಲ್ಲದ ಜಾಗ ಜಾಗವಲ್ಲ ಅಂತ ರೋನಾ ಟೀನಿಗೆ ಹೇಳಿದಳು. ಇಳಿದು ನೋಡಿದಾಗ ಕೆಳಗೆ ಕಂಡದ್ದನ್ನು ಮಾತ್ರ ಅವರಿಬ್ಬರೂ ಯಾರಿಗೂ ಹೇಳಲಿಲ್ಲ: ಬಂಡೆಯ ಗೋಡೆ ತುಂಬ ಬಿಳಿ, ಕಿತ್ತಲೆ ಬಣ್ಣದ ಮೃದು ಹವಳ, ಟಾರ್ಚ್ ಬಿಟ್ಟರೆ ಉರಿದಂತೆ ಕಾಣುತ್ತಿತ್ತು.

ಪರೀಕ್ಷೆಗೆ ಗ್ರೇಮ್ ಅಕ್ಟೋಬರಿನ ಕೊನೆಯ ಭಾನುವಾರ ಗೊತ್ತುಮಾಡಿ ಶೆಡ್ಡಿನಲ್ಲಿ ಚೀಟಿ ಅಂಟಿಸಿದ. ಇಳಿತ ನಿಲ್ಲುವುದು ಒಂಬತ್ತೂ ಹತ್ತಕ್ಕೆ. ರೋನಾ ಉಬ್ಬರವಿಳಿತದ ಪುಸ್ತಕ ತೆಗೆದು ನೋಡಿದಳು. ಎಂಟೂ ಹತ್ತು ಅಂತಿತ್ತು. ಪುಸ್ತಕ ಅಚ್ಚಾಗುವುದು ಚಳಿಗಾಲದ ಗಡಿಯಾರಕ್ಕೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ, ಏಳು ತಿಂಗಳು ಈ ದಡದವರೆಲ್ಲ ಪುಸ್ತಕಕ್ಕೆ ಒಂದು ಗಂಟೆ ಕೂಡಿಸಿ ಕೂಡಿಸಿ, ಆಮೇಲೂ ಅವರ ಕೈ ತಾನಾಗಿ ಕೂಡಿಸುತ್ತದೆ.

"ಗ್ರೇಮ್, ಅವತ್ತು ಬೆಳಗಿನ ಜಾವ ಗಡಿಯಾರ ಹಿಂದಕ್ಕೆ ಹೋಗುತ್ತೆ. ಗಂಟೆ ಕೂಡಿಸೋ ಹಾಗಿಲ್ಲ."

ಅವನು ಚೀಟಿಯನ್ನೂ ನೋಡಲಿಲ್ಲ, ಪುಸ್ತಕವನ್ನೂ ನೋಡಲಿಲ್ಲ. ಪಕ್ಕದಲ್ಲಿದ್ದ, ಸಂಘದ ದೋಣಿ ನಡೆಸುವ ಸ್ಯಾಂಡಿಯ ಕಡೆ ತಿರುಗಿ, "ಕೇಳಿದ್ಯೇನೋ, ಮೀನು ಸೀಳೋಳು ಪೈಲಟ್‌ಗೆ ನೀರಿನ ಹೊತ್ತು ಹೇಳಿಕೊಡ್ತಾಳೆ" ಅಂದ. ಸ್ಯಾಂಡಿ ಎಲ್ಲಿ ನಗಬೇಕೋ ಅಲ್ಲಿ ನಕ್ಕ.

ಭಾನುವಾರ ಉತ್ತರದ ಗಾಳಿ ಕೇಳಿ ತರಿಸಿದ ಹಾಗೆ ಬೀಸುತ್ತಿತ್ತು. ಎಂಟಕ್ಕೆ ಹಂದಿಬಂಡೆಯ ಬಳಿ ಇದ್ದವರು ರೋನಾ, ಟೀನಿ ಇಬ್ಬರೇ. ಕಾಯೋಣವಾ ಅಂತ ಟೀನಿ ಕೇಳಿದಳು. ಸಮುದ್ರ ಶೆಡ್ಡಿನ ಚೀಟಿ ಓದಿಲ್ಲ ಅಂದಳು ರೋನಾ. ಹನ್ನೊಂದು ಕುಳಿಗಳಲ್ಲಿ ಹಿಮ್ಮಡಿಯೂರಿ ಇಳಿದರು, ಮೂವತ್ತೈದು ನಿಮಿಷ ಕೆಳಗಿದ್ದು ಅದೇ ಕುಳಿಗಳಲ್ಲಿ ಹತ್ತಿ ಬಂದರು.

ಫ್ಲಾಸ್ಕಿನ ಟೀ ಮುಗಿಯುವ ಹೊತ್ತಿಗೆ, ಒಂಬತ್ತೂ ಹತ್ತಕ್ಕೆ ಸರಿಯಾಗಿ, ಗ್ರೇಮ್ ಸ್ಯಾಂಡಿಯ ಜೊತೆ ಪೂರ್ತಿ ಉಡುಪಿನಲ್ಲಿ ಬಂದ. ಆಗಲೇ ಹನ್ನೊಂದನೇ ಮೆಟ್ಟಿಲು ನೀರಿನೊಳಗಿತ್ತು. ತಾನು ನೋಡದ್ದು ಲೆಕ್ಕಕ್ಕಿಲ್ಲ ಅಂದ. ತಾನೇ ಇಳಿದು ತೀರ್ಮಾನ ಹೇಳುತ್ತೇನೆ ಅಂದ.

ರೋನಾ ಅವನ ಎದುರಿಗೆ ನಿಂತಳು. "ನೀರು ತಿರುಗಿ ಒಂದು ಗಂಟೆ ಆಯ್ತು. ಇಳಿಯೋದಾದ್ರೆ ಇಳಿ. ಆದ್ರೆ ಬರುವಾಗ ಈ ಮೆಟ್ಟಿಲಿಗೆ ಬರಬೇಡ, ಒಳಗಿನ ಗುಂಡುಕಲ್ಲಿಗೆ ಬಾ. ನಾನು ಅಲ್ಲೇ ನಿಂತಿರ್ತೀನಿ."

"ಹೋದ ಬಾಗಿಲಲ್ಲೇ ಬರ್ತೀನಿ" ಅಂದ ಗ್ರೇಮ್.

ಅರ್ಧ ಗಂಟೆಯ ಮೇಲೆ ಎರಡು ತಲೆ ಮೇಲೆದ್ದವು. ಸ್ಯಾಂಡಿ ರೋನಾಳ ಎತ್ತಿದ ಕೈ ನೋಡಿದವನೇ ತೆಪ್ಪಗೆ ಗುಂಡುಕಲ್ಲಿನ ಕಡೆ ಈಜಿ ಬಂದ. ಗ್ರೇಮ್ ಮೆಟ್ಟಿಲ ಕಡೆಗೇ ಹೋದ. ಮೊದಲ ಸಲ ಅಲೆ ಅವನನ್ನು ಬಂಡೆಗೆ ಎತ್ತಿ ಮತ್ತೆ ಕೆಳಗೆಳೆದುಕೊಂಡಿತು. ಎರಡನೇ ಸಲ ಒಂದು ಕಾಲು ಕುಳಿಯೊಳಗೆ ಸಿಕ್ಕಿ, ಮೈ ಇನ್ನೊಂದು ಕಡೆ ತಿರುಗಿತು. ಕಣಕಾಲು ತಿರುಚಿತು. ನೋವಿಗೆ ಅವನ ಬಾಯಿ ತೆರೆಯಿತು.

ರೋನಾ ಆಗಲೇ ನೀರಿನಲ್ಲಿದ್ದಳು. ಅವನ ಬೆನ್ನಪಟ್ಟಿ ಹಿಡಿದು ಒಳಗೆ, ಬಾತುಗಳು ಮಲಗುವ ನೀರಿಗೆ ಎಳೆದುತಂದಳು. ಅಲ್ಲಿ ಅಲೆಯೇ ಇರಲಿಲ್ಲ. ಬೇರೆ ಯಾವುದೋ ದಿನದ ಸಮುದ್ರದ ಹಾಗಿತ್ತು. ಟೀನಿ, ಸ್ಯಾಂಡಿ ಸೇರಿ ಅವನ ಸಿಲಿಂಡರ್, ಮುಳುಗಲೆಂದು ಸೊಂಟಕ್ಕೆ ಕಟ್ಟಿದ್ದ ಸೀಸದ ಪಟ್ಟಿ ಬಿಚ್ಚಿದರು. ಪಾದ ನೆಲಕ್ಕೆ ತಾಗಿಸಿದರೆ ಅವನ ಮುಖ ಬಿಳಿಚುತ್ತಿತ್ತು. ಮುಂದೆ ಜಾರುವ ಬಂಡೆ, ಹದಿನೈದು ಮಾರು.

ರೋನಾ ಅವನಿಗೆ ಬೆನ್ನುಕೊಟ್ಟು ಬಗ್ಗಿದಳು. "ಹತ್ತು."

"ಬೇಡ. ಜನ ನೋಡ್ತಾರೆ."

"ನೋಡ್ಲಿ. ನಮ್ಮೂರ ಗಂಡಸರು ಸಮುದ್ರಕ್ಕೆ ಹೋಗ್ತಿದ್ದಿದ್ದೇ ಹೀಗೆ. ನಿಮ್ಮ ತಾತನ ಅಪ್ಪನೂ ಹೀಗೇ ಹೋಗಿರ್ತಾನೆ, ಕಾಲು ಒದ್ದೆ ಮಾಡ್ಕೊಳ್ದೆ."

ದಿನವಿಡೀ ಮೀನಿನ ಪೆಟ್ಟಿಗೆ ಎತ್ತುವ ಬೆನ್ನಿಗೆ ಅವನೇನೂ ಭಾರವಾಗಲಿಲ್ಲ. ಮೇಲೆ ದಾರಿಯಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಮೂವರು ನಿಂತು ನೋಡಿದರು. ರೋನಾ ಅವರಿಗೆ ತಲೆಯಾಡಿಸಿ ನಮಸ್ಕಾರವನ್ನೂ ಹೇಳಿದಳು. ಹೆಜ್ಜೆ ಮಾತ್ರ ಅವಸರ ಮಾಡಲಿಲ್ಲ.

ಹುಲ್ಲಿನ ಮೇಲೆ ಕೂರಿಸಿದ ಮೇಲೆ ಗ್ರೇಮ್ ಮೊದಲು ಹೇಳಿದ್ದು, ಅಪಘಾತವಾದ ಜಾಗಕ್ಕೆ ಒಪ್ಪಿಗೆ ಕೊಡಲಾಗದು ಅಂತ. ರೋನಾ ಅವನು ತಂದಿದ್ದ, ಒಪ್ಪಿಗೆ ಬರೆಯುವ ಸಂಘದ ಪುಸ್ತಕ ತೆರೆದು ಅವನ ತೊಡೆಯ ಮೇಲಿಟ್ಟಳು.

"ಬರಿ. ಉತ್ತರದ ಗಾಳಿ. ತಪ್ಪಿದ ಗಂಟೆ. ಹೇಳಿದ ಮಾತು ಕೇಳದ ಮನುಷ್ಯ. ಇಷ್ಟಾದ್ರೂ ಜಾಗ ನಿನ್ನನ್ನ ಹೊರಗೆ ಕಳಿಸ್ತು. ಇನ್ನೂ ಎಂಥಾ ಪರೀಕ್ಷೆ ಬೇಕು ನಿನಗೆ?"

"ನನ್ನ ಕಾಲಮೇಲೆ ನಾನು ಹೊರಗೆ ಬರಲಿಲ್ಲ."

"ನಾನು ಬಂದೆ," ಅಂದಳು ರೋನಾ. "ಎರಡು ಸಲ. ಎರಡನೇ ಸಲ ನೀನು ನನ್ನ ಮೇಲಿದ್ದೆ."

ಸ್ಯಾಂಡಿ ಈ ಸಲ ಯಾರನ್ನೂ ಕೇಳದೆ ನಕ್ಕ. ತಾನು ಎರಡನೇ ಬಾಗಿಲಲ್ಲಿ ಬಂದದ್ದಕ್ಕೆ ತಾನೇ ಸಾಕ್ಷಿ ಅಂದು ಪೆನ್ನು ತೆಗೆದು ರುಜು ಹಾಕಿದ. ಗ್ರೇಮ್ ಅವನ ಕೈಯಿಂದ ಪೆನ್ನು ಇಸಿದುಕೊಂಡ. ಆಮೇಲೆ ಆ ರುಜುವಿನ ಕೆಳಗೆ ತನ್ನದನ್ನೂ ಹಾಕಿ, ಹೆಸರಿನ ಜಾಗ ಖಾಲಿ ಬಿಟ್ಟು ಪುಸ್ತಕವನ್ನು ಅವಳ ಕಡೆ ತಳ್ಳಿದ. ಚಿಪ್ಪಿನ ಹೆಂಗಸರ ಮೆಟ್ಟಿಲು ಅಂತ ಅವಳು ಒತ್ತಿ ಬರೆದಳು.

ಸೋಮವಾರ ಎರಡಕ್ಕೆ, ಹೊಗೆಯ ವಾಸನೆ ಮೈಯಲ್ಲಿರುವಂತೆಯೇ ರೋನಾ ಶೆಡ್ಡಿಗೆ ಬಂದಾಗ ಯಂತ್ರ ಧಡಧಡ ಓಡುತ್ತಿತ್ತು. ನಕ್ಷೆಯಲ್ಲಿ ಹಂದಿಬಂಡೆಯ ಬೆನ್ನಿಗೆ ಕೆಂಪು ಪಿನ್ನು. ಗ್ರೇಮ್ ಕಟ್ಟುಹಾಕಿದ ಕಾಲನ್ನು ಪೆಟ್ಟಿಗೆಯ ಮೇಲೆ ಚಾಚಿ, ಉಬ್ಬರವಿಳಿತದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇವತ್ತು ಉಬ್ಬರ ಏರುವ ಹೊತ್ತು, ಗುಂಡುಕಲ್ಲಿನ ಬಾಗಿಲಿಂದಲೇ ಇಳಿ ಅಂತ ತಲೆಯೆತ್ತದೆ ಹೇಳಿದ.

"ಗಂಟೆ ಕೂಡಿಸಿ ಹೇಳ್ತಿದ್ದೀಯಾ, ಕೂಡಿಸದೆ ಹೇಳ್ತಿದ್ದೀಯಾ?" ಅಂದಳು ರೋನಾ.

ಅವನ ಉತ್ತರಕ್ಕೆ ಅವಳು ನಿಲ್ಲಲಿಲ್ಲ. ನಾಲ್ಕಕ್ಕೆ ಮಕ್ಕಳು ಬರುತ್ತಾರೆ. ಸಿಲಿಂಡರನ್ನು ಹೆಗಲಿಗೇರಿಸಿ ಹೊರಟಳು.