ನಿಂತವರ ಅಂಗಡಿ

ಜೇವರ್ಗಿಯ ಬಿಸಿಲು ಹನ್ನೊಂದು ಗಂಟೆಗೇ ಗಾಜಿನ ಬಾಗಿಲಿಗೆ ಬಂದು ಬಡಿಯುತ್ತಿತ್ತು. ಒಳಗೆ ತಂಪು ಗಾಳಿಯೇನೋ ಇತ್ತು, ಆದರೆ ಶಿವಗಂಗಾಳ ಕಾಲಿಗೆ ಅದರಿಂದ ಏನೂ ಸುಖವಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಿಂತವಳು ಅಂಗಡಿ ಮುಚ್ಚುವವರೆಗೆ ನಿಂತೇ ಇರಬೇಕು. ಮೀನಖಂಡದ ನರಗಳು ಹಸಿರು ಹುರಿಯ ಹಾಗೆ ಉಬ್ಬಿ ಹತ್ತು ವರ್ಷವಾಗಿತ್ತು. ಸೀರೆಯನ್ನು ನೆಲಕ್ಕೆ ತಾಗುವಂತೆ ಉಟ್ಟು ಅದನ್ನು ಮುಚ್ಚಿಕೊಳ್ಳುವುದು ರೂಢಿಯಾಗಿಹೋಗಿತ್ತು.

ಅವಳು ಈ ಕಟ್ಟಡಕ್ಕೆ ಬಂದು ಇಪ್ಪತ್ತೆರಡು ವರ್ಷ. ಈಗಿನ ಮಾಲೀಕ ಗುರುಪಾದನ ಅಜ್ಜನ ಕಾಲದಲ್ಲಿ ಇದು ಫರಸಿ ಕಲ್ಲು ಹಾಸಿದ ಒಂದು ಪಡಸಾಲೆಯಂತೆ. ಬಿಳಿಯ ಗಾದಿ, ಒರಗಲು ಲೋಡು, ಗೋಡೆ ತುಂಬ ಬಟ್ಟೆಯ ತಾನುಗಳು. ಗುರುಪಾದನ ಅಪ್ಪ ಗಾದಿ ಎತ್ತಿಸಿ ಮೇಜು ಹಾಕಿಸಿದರು, ಮಾರುವವರು ಅದರ ಹಿಂದೆ ನಿಂತರು. ಬಟ್ಟೆಯ ಜೊತೆಗೆ ಪಾತ್ರೆ, ಸಾಬೂನು, ಮಕ್ಕಳ ಆಟಿಕೆ, ಎಲ್ಲ ಒಂದೇ ಸೂರಿನಡಿ ಬಂದವು. ಊರವರು ಅದನ್ನು ದೊಡ್ಡಂಗಡಿ ಎಂದರು. ಶಿವಗಂಗಾ ಸೇರಿದ್ದು ಆ ದೊಡ್ಡಂಗಡಿಗೆ. ಎರಡು ವರ್ಷದ ಹಿಂದೆ ಗುರುಪಾದ ಅದರ ಮೇಲೆ ಇನ್ನೆರಡು ಮಹಡಿ ಎಬ್ಬಿಸಿ, ಮುಂದೆ ಗಾಜು ಹೊದಿಸಿ ಮಾಲ್ ಮಾಡಿದ. ಫರಸಿಯ ಮೇಲೆ ಹೊಳೆಯುವ ಟೈಲ್ಸ್ ಕುಳಿತವು. ಕೆಲಸದವರಿಗೆ ಕೂರುವ ಜಾಗ ಮಾತ್ರ ಆಗಲೂ ಬರಲಿಲ್ಲ. ಕೂತ ಮಂದಿಯನ್ನು ಕಂಡರೆ ಗಿರಾಕಿಗೆ ಅಂಗಡಿ ಸತ್ತಂತೆ ಕಾಣುತ್ತದೆ ಎನ್ನುವುದು ಅವನ ಮಾತು. ಯಾರೂ ಕೂರದಂತೆ ನೋಡಿಕೊಳ್ಳುವ ಕೆಲಸ ಮೇಲ್ವಿಚಾರಕಿ ಶಿವಗಂಗಾಳದು. ಅದನ್ನವಳು ಚೆನ್ನಾಗಿಯೇ ಮಾಡಿಕೊಂಡು ಬಂದಿದ್ದಳು.

ಅಂದು ಸಿಕ್ಕಿಬಿದ್ದವಳು ಸೀರೆ ವಿಭಾಗದ ಪಲ್ಲವಿ. ಆರು ತಿಂಗಳ ಬಸುರಿ. ರಟ್ಟಿನ ಪೆಟ್ಟಿಗೆಯ ಮೇಲೆ ಕೂತದ್ದು ಕ್ಯಾಮೆರಾದಲ್ಲಿ ಕಂಡಿತ್ತು. ಗುರುಪಾದ ಶಿವಗಂಗಾಳನ್ನು ಕರೆದ.

"ಇದು ಎರಡನೇ ಸಲ. ನಾಳಿಂದ ಬರಬ್ಯಾಡ ಅಂತ ಸಂಜೀಕ ಆಕಿಗಿ ಹೇಳಿಬಿಡ್ರಿ. ನೀವ ಹೇಳ್ರಿ, ನಾ ಹೇಳಿದ್ರ ಅಳ್ತಾಳ."

"ಬಸರಿ ಹೆಣ್ಮಗಳದಾಳ್ರಿ ಸಾವ್ಕಾರ್ರ."

"ಅದಕ್ಕ ಮನ್ಯಾಗ ಆರಾಮ ಕುಂದ್ರಲಿ ಅಂತೇನಿ. ನಾ ಏನು ಕಟುಕನೇನ್ರಿ? ಹೆದ್ದಾರಿ ಮ್ಯಾಲ ಇನ್ನೊಂದು ಮಾಲ್ ಏಳಾಕತ್ತದ. ಗಿರಾಕಿ ಆ ಕಡಿ ಹೊಳ್ಳಿದ್ರ ನಲವತ್ತು ಮಂದಿ ಕೆಲಸ ಹೋಗ್ತದ. ಆಗ ಅವರ ಮನಿ ಯಾರು ನೋಡ್ತಾರ?"

ಅದೂ ಸುಳ್ಳಲ್ಲ. ಶಿವಗಂಗಾ ತಲೆಯಾಡಿಸಿ ಹೊರಬಂದಳು.

"ಎಕ್ಕಾ, ಐದೇ ನಿಮಿಷ ಕುಂತಿದ್ದೆ" ಎಂದಳು ಪಲ್ಲವಿ. "ಕಾಲು ಬಾತು ಚಪ್ಪಲಿ ಒಳಗ ಹೋಗವಲ್ದು ನೋಡು."

"ನಾನೂ ಎರಡು ಹಡದೇನಿ ಬೇ, ಇಲ್ಲೇ ನಿಂತು. ಸತ್ತೇನೇನು?"

ಆಡಿದ ಮಾತು ಅವಳ ಬಾಯಲ್ಲೇ ಕಹಿಯಾಗಿ ಉಳಿಯಿತು. ಸಾವ್ಕಾರರ ಮಾತನ್ನು ಸಂಜೆಗೇ ಹೇಳಿದರಾಯಿತು ಎಂದು ಮುಂದಿನ ಮೇಜಿಗೆ ನಡೆದಳು.

ಮಧ್ಯಾಹ್ನ ಒಂದು ತಮಾಷೆ ನಡೆಯಿತು. ಅಂಗಡಿಯ ಇತಿಹಾಸ ತೋರಿಸಬೇಕೆಂದು ಗುರುಪಾದ ಬಾಗಿಲ ಹತ್ತಿರ ಒಂದು ಮೂಲೆ ಮಾಡಿಸಿದ್ದ. ಬಿಳಿಯ ಗಾದಿ, ಲೋಡು, ಬಟ್ಟೆ ಅಳೆಯುವ ಕಬ್ಬಿಣದ ಗಜ, ಮೇಲೆ ಅಜ್ಜನ ಪಟ, ಸುತ್ತ ಕೆಂಪು ಹಗ್ಗ. ಲಗ್ನದ ಬಟ್ಟೆ ಕೊಳ್ಳಲು ಹಳ್ಳಿಯಿಂದ ಎಂಟು ಮಂದಿ ಬಂದರು. ಮುಂದಿದ್ದ ಮುದುಕಿ ನಿಂಬೆವ್ವ ಗಾದಿ ಕಂಡದ್ದೇ ಚಪ್ಪಲಿ ಬಿಟ್ಟು, ಹಗ್ಗ ದಾಟಿ, ಲೋಡಿಗೆ ಒರಗಿ ಕುಳಿತಳು. ಉಳಿದವರೂ ಸುತ್ತ ಕುಳಿತರು.

ಗುರುಪಾದ ಓಡಿ ಬಂದ. "ಯವ್ವಾ, ಅದು ನೋಡಾಕ ಇಟ್ಟದ್ದು, ಕುಂದ್ರಾಕಲ್ಲ."

"ಗಾದಿ ನೋಡಾಕ ಬಸ್ ಹತ್ತಿ ಬರಾಕ ನಮಗ ಹುಚ್ಚ ಹಿಡದದೇನೋ ಯಪ್ಪಾ? ಲಗ್ನದ ಬಸ್ತಾ ಅದ. ನಿಂತು ತಗೊಂಡು ಹೋಗಾಕ ಅದೇನು ಬದನೀಕಾಯಾ? ಸೀರಿ ತರ್ಸು."

ಸುತ್ತಲಿದ್ದವರು ನಕ್ಕರು. ಎಂಟು ಜನ ಗಿರಾಕಿಗಳನ್ನು ಎಬ್ಬಿಸುವ ಧೈರ್ಯ ಅವನಿಗೂ ಬರಲಿಲ್ಲ. ಪಲ್ಲವಿ ಸೀರೆಗಳ ಹೊರೆ ತಂದು, ನಿಂತಲ್ಲಿಂದಲೇ ಬಗ್ಗಿ ಬಗ್ಗಿ ಹರವತೊಡಗಿದಳು.

"ಕುಂದ್ರ ಬೇ ಮಗಳ!" ನಿಂಬೆವ್ವ ಗದರಿದಳು. "ಬಸರಿ ಹೆಂಗಸು ಹಿಂಗ ಬಗ್ಗಿದ್ರ ನನಗ ಸೀರಿ ಬಣ್ಣನ ಕಾಣವಲ್ದು."

ಪಲ್ಲವಿ ಶಿವಗಂಗಾಳ ಮುಖ ನೋಡಿದಳು. ಶಿವಗಂಗಾ ಗುರುಪಾದನ ಮುಖ ನೋಡಿದಳು. ಅವನು ಮೊಬೈಲ್ ನೋಡಿದ. ಶಿವಗಂಗಾ ಮೆಲ್ಲಗೆ ತಲೆಯಾಡಿಸಿದಳು. ಕುಳಿತ ಪಲ್ಲವಿಯ ಉಸಿರು ಅಷ್ಟು ದೂರಕ್ಕೂ ಕೇಳಿಸಿತು. ಒಂದೂವರೆ ತಾಸಿನಲ್ಲಿ ಮದುವೆಯ ಅಷ್ಟೂ ಬಟ್ಟೆ ಆರಿಸಿ ಮುಗಿಯಿತು. ಅಂಗಡಿ ಸತ್ತಂತೆ ಯಾರಿಗೂ ಕಾಣಲಿಲ್ಲ.

ಅವರು ಹೋದದ್ದೇ ಗುರುಪಾದ, "ಏಳಸ್ರಿ ಆಕಿಗಿ. ಸಂಜೀಕ ಹೇಳೋದು ಮರೀಬ್ಯಾಡ್ರಿ" ಎಂದ.

"ನಿಮ್ಮ ಮುತ್ಯಾರ ಕಾಲದಾಗ ಮಾರವರೂ ಕುಂದರ್ತಿದ್ರು, ಕೊಳ್ಳವರೂ ಕುಂದರ್ತಿದ್ರಂತ್ರಿ" ಎಂದಳು ಶಿವಗಂಗಾ. "ಎಲ್ಲಾರೂ ಕುಂತೇ ಅಂಗಡಿ ಬೆಳೀತಲ್ರಿ."

"ಎಲ್ಲಾರೂ ಅಲ್ಲ, ಬಾಯಾರ."

ನೆಲ ಒರೆಸುತ್ತಿದ್ದ ರುಕ್ಮಿಣಿಬಾಯಿಯ ದನಿ ಅದು. ಅರವತ್ತು ದಾಟಿದ ಹೆಂಗಸು. ಮಾಲ್ ಆದಂದಿನಿಂದ ಅವಳು ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ನಮ್ಮ ಓಣಿಯವರು ಮೆಟ್ಟಲ ಕೆಳಗ ಬಿಸಲಾಗ ನಿಂದರ್ತಿದ್ವಿ. ಮ್ಯಾಲಿಂದ ನಮ್ಮ ಕಡಿ ಅರಿವಿ ಒಗೀತಿದ್ರು. ಮುಟ್ಟಿ ನೋಡಿ ಆರಸಂಗಿದ್ದಿಲ್ಲ, ಬಿದ್ದದ್ದ ನಮ್ಮದು. ನಾ ಸಣ್ಣಾಕಿ, ನಮ್ಮವ್ವನ ಸೆರಗ ಹಿಡಕೊಂಡು ಒಳಗಿನ ಗಾದಿ ನೋಡತಿದ್ದೆ. ಈಗ ಒಳಗ ಬಂದೇನಿ. ಬಂದು ನೋಡಿದ್ರ, ನೀವೂ ಎಲ್ಲಾ ನಿಂತೇ ಅದೀರಿ."

ಗುರುಪಾದ ಅಜ್ಜನ ಪಟದ ಕಡೆ ಒಮ್ಮೆ ನೋಡಿದ. "ಆ ಕಾಲ ಹಂಗಿತ್ತು" ಎಂದ.

"ಕಾಲ ಹಂಗಿತ್ರಿ. ನಿಂತವರು ನಾವು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವಳು ಬಟ್ಟೆ ಹಿಂಡಿ ಮತ್ತೆ ಒರೆಸತೊಡಗಿದಳು. ಗುರುಪಾದ ಮೇಲಿನ ಮಹಡಿಗೆ ಹೋದ.

ಸಂಜೆ ಪಲ್ಲವಿ ಕೈಚೀಲ ಹಿಡಿದು ತಾನಾಗಿಯೇ ಬಂದು ನಿಂತಳು. ಮಧ್ಯಾಹ್ನದ ಮಾತು ಕೇಳಿ, ಕೆಲಸ ಹೋಯಿತೆಂದು ಅವಳಿಗೆ ಗೊತ್ತಾಗಿತ್ತು. ಎಷ್ಟು ಹುಡುಗಿಯರನ್ನು ತಾನು ಕೂತಲ್ಲಿಂದ ಎಬ್ಬಿಸಿದ್ದೇನೆ ಎಂದು ಶಿವಗಂಗಾ ನೆನೆಯಲು ಹೋದಳು. ಮುಖಗಳು ನೆನಪಾಗಲಿಲ್ಲ, ಧಡಕ್ಕನೆ ಏಳುವಾಗಿನ ಅವರ ಗಾಬರಿಯಷ್ಟೇ ನೆನಪಾಯಿತು. ತನಗೂ ಹೀಗೆಯೇ ನೋಯುತ್ತದೆ ಎಂದು ಅವರಲ್ಲಿ ಒಬ್ಬಳಿಗೂ ಅವಳು ಹೇಳಿರಲಿಲ್ಲ.

"ನನ್ನ ಕಾಲೂ ಭಾಳ ನೋಯ್ತಾವ ಬೇ" ಎಂದಳು. "ನಾಳಿ ಜರಾ ಲಗೂನ ಬಾ."

ಮರುದಿನ ಬಾಗಿಲು ತೆರೆಯುವ ಮೊದಲೇ ಶಿವಗಂಗಾ ಎರಡನೇ ಮಹಡಿಯಿಂದ ಮಾರಾಟದ ಪ್ಲಾಸ್ಟಿಕ್ ಸ್ಟೂಲುಗಳನ್ನು ಇಳಿಸಿ ತಂದಳು. ಒಂದೊಂದು ಮೇಜಿನ ಹಿಂದೆ ಒಂದೊಂದು ಇಟ್ಟಳು. ಮೆಟ್ಟಿಲ ಪಕ್ಕ ಒಂದನ್ನು ಒರೆಸಿ ಇಟ್ಟು ರುಕ್ಮಿಣಿಬಾಯಿಯನ್ನು ಕರೆದಳು.

"ಸಾವ್ಕಾರ್ರು ಬಂದ್ರ?"

"ಬರ್ಲಿ. ನೀ ಕುಂದ್ರು ಯವ್ವಾ."

ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ತಾನು ಕುಳಿತಳು. ಗುರುಪಾದ ಒಳಗೆ ಬಂದಾಗ ಹುಡುಗಿಯರು ಅರ್ಧ ಎದ್ದರು. ಶಿವಗಂಗಾ ಕದಲದ್ದನ್ನು ಕಂಡು ಮತ್ತೆ ಕುಳಿತರು.

"ಗಿರಾಕಿ ಬಂದ ಕೂಡ್ಲೇ ಏಳ್ತೇವ್ರಿ" ಎಂದಳು ಅವಳು, ಕೂತಲ್ಲಿಂದಲೇ.

ಅವನು ಸಾಲಾಗಿ ಕೂತವರನ್ನು ಒಂದು ಕಡೆಯಿಂದ ನೋಡುತ್ತ ಬಂದು ಪಲ್ಲವಿಯ ಹತ್ತಿರ ನಿಂತ.

"ಆಕಿಗಿ ಹೇಳ್ರಿ ಅಂದಿದ್ದೆ. ಹೇಳಿಲ್ಲೇನು?"

"ಹೇಳೇನ್ರಿ. ಕುಂದ್ರು ಅಂತ ಹೇಳೇನಿ."

ಇಡೀ ಅಂಗಡಿಯಲ್ಲಿ ಆಗ ನಿಂತಿದ್ದವನು ಗುರುಪಾದನೊಬ್ಬನೇ.