ಜೊತೆಗಾರ್ತಿಯ ಸಹಿ

“ನನ್ನ ಜೊತೆ ಬಂದವಳು ಎಲ್ಲಿ ಹೋದಳು?”

ಯಾರೂ ಇಲ್ಲದ ಮೆಟ್ಟಿಲ ಮೇಲೆ ಕೂತು, ಹಣೆಗೆ ಕರವಸ್ತ್ರ ಒತ್ತಿಕೊಂಡು, ಗಟ್ಟಿಯಾಗಿ ಕೇಳಿ ತಾನೇ ನಕ್ಕಳು. ಅವಳು ಮಕ್ಕಳ ರಕ್ಷಣಾ ಕಚೇರಿಯ ಕಾರ್ಯಕರ್ತೆ. ಮಗುವಿನ ಬೆನ್ನ ಮೇಲಿನ ಬರೆ ನೋಡಬೇಕು ಅಂದದ್ದಕ್ಕೆ ಅದರ ಅಪ್ಪ ಸ್ಟೂಲು ಬೀಸಿದ್ದ. ಬಾಗಿಲು ಮುಚ್ಚಿತ್ತು, ಮಗು ಒಳಗೇ ಉಳಿದಿತ್ತು.

ಜೊತೆಗಾರ್ತಿ ಇದ್ದದ್ದು ಕಾಗದದಲ್ಲಿ. ಹೋದ ವರ್ಷ ಇಂಥದ್ದೇ ಏಟು ಇನ್ನೊಬ್ಬಳಿಗೆ ಬಿದ್ದು, ಅವಳು ಕೆಲಸ ಬಿಟ್ಟ ಮೇಲೆ, ನಿಯಮ ಬಂತು: ಒಬ್ಬಳೇ ಯಾರ ಮನೆಗೂ ಹೋಗಕೂಡದು. ನಿಯಮ ಬಂತು, ಆಳು ಬರಲಿಲ್ಲ. ಉಳಿದದ್ದು ಇಬ್ಬರು, ಇವಳು ಮತ್ತು ಕಚೇರಿಯವರೆಲ್ಲ ಅಕ್ಕ ಅನ್ನುವ ಹಿರಿಯ ಕಾರ್ಯಕರ್ತೆ; ದಿನಕ್ಕೆ ಹದಿನಾಲ್ಕು ಮನೆ. ಹಾಗಾಗಿ ರಿಜಿಸ್ಟರಿನ ಇವಳ ಪುಟದಲ್ಲಿ ಜೊತೆಗಾರ್ತಿ ಅಂತ ಅಕ್ಕನ ಸಹಿ, ಅಕ್ಕನ ಪುಟದಲ್ಲಿ ಇವಳ ಸಹಿ. ಎಲ್ಲೆಡೆ ಇರುವುದು ದೇವರಿಗೊಬ್ಬನಿಗೇ ಸಾಧ್ಯ ಅಂತ ಕೇಳಿ ಬೆಳೆದವರು ನಾವು. ಆ ಕಚೇರಿಯಲ್ಲಿ ಅದು ಇಬ್ಬರು ಹೆಂಗಸರಿಗೂ ಒಲಿದಿತ್ತು. ಸುರಕ್ಷಿತ ಕಚೇರಿ ಅಂತ ಫಲಕವೂ ಸಿಕ್ಕಿ, ಸಾಹೇಬರ ಕುರ್ಚಿಯ ಹಿಂದೆ ನೇತಾಡುತ್ತಿತ್ತು.

ಇವಳು ಆಸ್ಪತ್ರೆಯಿಂದ ಕಚೇರಿಗೆ ಬಂದಾಗ ಸಾಹೇಬರು ಹಣೆಯ ಹೊಲಿಗೆಗಿಂತ ಮೊದಲು ರಿಜಿಸ್ಟರ್ ನೋಡಿದರು. ಅಕ್ಕ ಸಹಿ ಹಾಕುವುದು ಸಂಜೆಗೆ. ಇವಳ ಪುಟದಲ್ಲಿ ಇವತ್ತಿನ ಜಾಗ ಇನ್ನೂ ಖಾಲಿ.

“ಅಕ್ಕಾ, ಇಲ್ಲೊಂದು ಹಾಕಿಬಿಡಿ. ನೀವೂ ಜೊತೇಲಿದ್ರಿ ಅಂತ.”

“ನನಗೊಂದು ಗೀರೂ ಇಲ್ವಲ್ಲ ಸಾರ್. ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ತಿದ್ನಾ?”

“ಪೊಲೀಸರನ್ನ ಕರೆಯೋಕೆ ಓಡಿದ್ರಿ ಅಂತ ಬರೆಯೋಣ.”

“ಎಲ್ಲಿಂದ ಓಡಲಿ? ಆ ಹೊತ್ತಲ್ಲಿ ನಾನು ರೈಲು ಹಳಿಯಾಚೆ ಇನ್ನೊಂದು ಮನೇಲಿದ್ದೆ. ಅಲ್ಲಿಗೂ ಬಂದಿದ್ದೆ ಅಂತ ಇವಳು ಬೆಳಿಗ್ಗೇನೇ ಸಹಿ ಹಾಕಿದ್ದಾಳೆ, ಪುಣ್ಯಾತ್ಗಿತ್ತಿ.”

ಇವಳಿಗೆ ನಗು ಬಂತು. ಹೊಲಿಗೆ ಎಳೆದಂತಾಗಿ, ಅಯ್ಯೋ ಅಂದಳು.

ಸಾಹೇಬರು ದನಿ ತಗ್ಗಿಸಿದರು. “ಖಾಲಿ ಬಿಟ್ರೆ ವಿಚಾರಣೆ ಬರುತ್ತೆ. ಹಳೇ ಸಹಿಗಳೆಲ್ಲ ಕೆದಕ್ತಾರೆ. ನಿಮ್ಮ ನಿವೃತ್ತಿಗೆ ಇನ್ನು ಆರೇ ತಿಂಗಳು.”

“ಸಹಿ ಇದ್ರೆ?”

“ಏನೂ ಆಗಲ್ಲ.”

“ಅಂದ್ರೆ ಇಬ್ಬರು ಹೋಗಿದ್ರು, ಸಾಕು, ಇನ್ನು ಆಳು ಬೇಡ ಅಂತಾರೆ ಮೇಲಿನವರು.” ಅಕ್ಕ ಪೆನ್ನು ಕೈಗೆತ್ತಿಕೊಂಡಳು. “ಆ ಮಗು ಇನ್ನೂ ಅಲ್ಲೇ ಇದೆ. ನಾಳೆ ಯಾರನ್ನ ಕಳಿಸ್ತೀರಿ?”

ಸಾಹೇಬರು ಹೊಲಿಗೆಯ ಕಡೆ ನೋಡಿ, ಬೇಗ ಕಣ್ಣು ಬೇರೆಡೆ ಸರಿಸಿದರು.

“ಇವಳಿಗೆ ಮನೆ ಗೊತ್ತಲ್ಲ.”

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿ, ರಿಜಿಸ್ಟರನ್ನು ಫಲಕದ ಕಡೆಗೇ ತಳ್ಳಿದಳು.

“ಹಾಕಲ್ಲ ಸಾರ್.”