ಹಾರಿಹೋದ ಗೂಟ

ನಮ್ಮ ಸೈಕಲ್ ಸಂಘಕ್ಕೆ ಇರುವುದು ಒಂದೇ ಕಾನೂನು. ಮುಂದಿನವರು ಕೂಗಿದ್ದನ್ನು ಹಿಂದಿನವರು ನೋಡದೆ ನಂಬಬೇಕು. ಒಂದು ಚಕ್ರಕ್ಕೆ ಇನ್ನೊಂದು ಚಕ್ರ ಅಂಟಿಕೊಂಡ ಹಾಗೆ ಸಾಗುವ ಸಾಲಿನಲ್ಲಿ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು ಮತ್ತು ಬೆನ್ನಿನ ಕೆಳಗಿನದು, ಅಷ್ಟೇ. ಹಾಗಾಗಿ ಎಲ್ಲರಿಗಿಂತ ಮುಂದಿರುವ ಕ್ಯಾಪ್ಟನ್ ‘ಗುಂಡಿ’ ಎಂದರೆ ಗುಂಡಿ, ‘ಕಾರು’ ಎಂದರೆ ಕಾರು, ‘ಗೂಟ’ ಎಂದರೆ ಗೂಟ. ಕೂಗು ಬಾಯಿಂದ ಬಾಯಿಗೆ ದಾಟಿಕೊಂಡು ಕೊನೆಯ ಸೈಕಲ್ಲಿನವರೆಗೆ ಹೋಗುತ್ತದೆ. ಕಾರುಗಳು ನುಗ್ಗಬಾರದೆಂದು ಸೈಕಲ್ ದಾರಿಯ ನಟ್ಟನಡುವೆ ಗೂಟ ನೆಡುವ ಪುಣ್ಯಾತ್ಮರು ನಮ್ಮ ಫ್ಲಾಂಡರ್ಸ್ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಒಬ್ಬನೂ ಜನ್ಮದಲ್ಲಿ ಸೈಕಲ್ ತುಳಿದವನಲ್ಲ ಎಂದು ನಾನು ಬರೆದುಕೊಡಬಲ್ಲೆ.

ಫೆಬ್ರವರಿಯ ಒಂದು ಭಾನುವಾರ, ಸ್ಕೆಲ್ಡೆ ಹೊಳೆಯ ದಂಡೆಯ ದಾರಿ ಔಡೆನಾರ್ಡೆಯ ಕಡೆ ತಿರುಗುವ ಜಾಗದಲ್ಲಿ, ನಮ್ಮ ಕ್ಯಾಪ್ಟನ್ ವೀರ್ಲೆ “ಗೂಟ!” ಎಂದು ಕೂಗಿದಳು. ವೀರ್ಲೆ ನನ್ನ ಹೆಂಡತಿ. ಅವಳ ಕೊರಳಲ್ಲಿ ಕ್ಯಾಪ್ಟನ್ನಿಗೆಂದು ಸಂಘ ಕೊಟ್ಟ ಸೀಟಿ ತೂಗುತ್ತಿರುತ್ತದೆ, ಅವಳ ಹಿಂದಿನ ಚಕ್ರಕ್ಕೆ ನಾನು ತೂಗುತ್ತಿರುತ್ತೇನೆ. ನಾನೂ “ಗೂಟ!” ಎಂದೆ. ನನ್ನ ಹಿಂದಿನವರೂ ಎಂದರು. ಸಾಲು ಬಾಚಣಿಗೆಯಲ್ಲಿ ಬೈತಲೆ ತೆಗೆದ ಹಾಗೆ ಅಚ್ಚುಕಟ್ಟಾಗಿ ಇಬ್ಭಾಗವಾಯಿತು. ಹತ್ತಿರ ಹೋಗುತ್ತಿದ್ದ ಹಾಗೆ ಗೂಟ ಕತ್ತು ಚಾಚಿತು, ರೆಕ್ಕೆ ಬಿಚ್ಚಿತು, ನಮ್ಮೆಲ್ಲರ ಮೇಲೆ ಬೇಜಾರು ಮಾಡಿಕೊಂಡು ಹೊಳೆಯಾಚೆಗೆ ಹಾರಿಹೋಯಿತು.

ಅದು ಬೂದು ಬಣ್ಣದ ಕೊಕ್ಕರೆ.

ಸವಾರಿ ಮುಗಿದ ಮೇಲೆ ಕೆಫೆಯಲ್ಲಿ ನಡೆದದ್ದನ್ನು ಹೇಳಬೇಕಾಗಿಲ್ಲ. ನೋರ್ಬರ್ಟ್ ಬಿಯರ್ ಲೋಟ ಹಿಡಿದು ಒಂಟಿಕಾಲಲ್ಲಿ ನಿಂತ. ಈ ನೋರ್ಬರ್ಟ್ ಕಸಾಯಿ ಅಂಗಡಿ ಮಗಳಿಗೆ ಬಿಟ್ಟುಕೊಟ್ಟು ಈಗ ಆರಾಮಾಗಿರುವ ಮನುಷ್ಯ, ಸೀಟಿಯ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು.

“ಕ್ಯಾಪ್ಟನ್, ನಾನೀಗ ಏನು ಹೇಳಿ ನೋಡೋಣ? ಗೂಟಾನೋ ಕೊಕ್ಕರೇನೋ?”

“ನೀನು ಪೀಪಾಯಿ. ಅದನ್ನ ಹೇಳೋಕೆ ಕಣ್ಣು ಬೇಕಾಗಿಲ್ಲ” ಎಂದಳು ವೀರ್ಲೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಪ್ಪು ಕೂಗಿದ ಕ್ಯಾಪ್ಟನ್ ಎಲ್ಲರಿಗೂ ಬಿಯರ್ ಕೊಡಿಸಬೇಕು, ಅದು ರೂಢಿ. ಅವಳು ಕೊಡಿಸಿದಳು, ಸಾಸಿವೆ ಹಚ್ಚಿದ ಚೀಸಿನ ತಟ್ಟೆಯನ್ನೂ ತರಿಸಿದಳು.

“ಇಲ್ಲದ ಗೂಟ ಕೂಗಿದ್ರೆ ಬಿಯರ್. ಇರೋ ಗೂಟ ಕೂಗದೆ ಹೋದ್ರೆ?” ಎಂದ ನೋರ್ಬರ್ಟ್, ಚೀಸ್ ಅಗಿಯುತ್ತ.

“ಸೀಟಿ ನಿಂದು. ಅದೂ ರೂಢೀನೇ, ಗೊತ್ತು ನಂಗೆ.”

ಮಧ್ಯಾಹ್ನ ಅಂಗಳದಲ್ಲಿ ಸೈಕಲ್ ತೊಳೆಯುವಾಗ ಅವಳ ನಗು ಇಳಿದುಹೋಗಿತ್ತು. ಸರಪಣಿಗೆ ಬ್ರಷ್ ಹಾಕುತ್ತಿದ್ದವಳು ತಲೆ ಎತ್ತದೆ ಮಾತಾಡಿದಳು.

“ನಾನು ಗೂಟಾನೂ ನೋಡಿಲ್ಲ, ಕೊಕ್ಕರೇನೂ ನೋಡಿಲ್ಲ ಕಣೋ ಲೀವೆನ್. ಏನೋ ಬೂದುಬೂದಾಗಿ ನಿಂತಿತ್ತು. ಅಂದಾಜಲ್ಲಿ ಕೂಗಿದೆ. ಹಿಂದೆ ಅಷ್ಟೊಂದು ಜನ ನನ್ನ ನಂಬ್ಕೊಂಡು ತಲೆ ತಗ್ಗಿಸ್ಕೊಂಡು ಬರ್ತಿರ್ತಾರೆ. ನಾಳೆ ಗೂಟಾನ ಕೊಕ್ಕರೆ ಅಂದ್ಕೊಂಡು ಸುಮ್ನಿದ್ರೆ ಯಾರ ಮೂಳೆ ಮುರಿಯುತ್ತೆ ಹೇಳು?”

“ಕನ್ನಡಕ ಹಾಕ್ಕೊಳ್ಳೇ.”

“ಆ ಮನೆ ಕನ್ನಡಕಾನಾ? ಬಗ್ಗಿದ್ರೆ ಮೂಗಿನ ತುದಿಗೆ ಬರುತ್ತೆ. ಗಾಳಿ ಪಕ್ಕದಿಂದ ನುಗ್ಗಿ ಕಣ್ಣಲ್ಲಿ ನೀರು. ಹಾಕ್ಕೊಂಡ್ರೂ ಕಾಣಲ್ಲ, ತೆಗೆದ್ರೂ ಕಾಣಲ್ಲ. ಸೈಕಲ್‌ಗೆ ಅಂತಾನೇ ಒಂದು ಮಾಡಿಸ್ಬೇಕು. ಆಗಲಿಲ್ವಾ, ಸೀಟಿ ನಾನೇ ಬಿಚ್ಚಿ ಕೊಟ್ಟುಬಿಡ್ತೀನಿ. ಯಾರ ಮೂಳೇನೂ ಮುರಿಯೋಕೆ ಮುಂಚೆ.”

ಆ ಸೀಟಿ ಇಲ್ಲದ ವೀರ್ಲೆಯನ್ನು ನನಗೆ ಕಲ್ಪಿಸಿಕೊಳ್ಳಲು ಆಗಲಿಲ್ಲ. ಮನೆಯಲ್ಲಿ ಅವಳು ಇಸ್ತ್ರಿ ಮಾಡುವುದೂ ಕೊರಳಿಗೆ ಸೀಟಿ ಹಾಕಿಕೊಂಡೇ. ನನಗೆ ಸಂಕಟವಾಯಿತು. ಆದರೆ ಸಂಕಟವಾದಾಗ ನನಗೆ ಬರುವುದು ಸಿಡುಕು. “ಹಾಗಾದ್ರೆ ಬುಧವಾರ ಹೋಗೋಣ, ಈಗ ಆ ಬ್ರಷ್ ಇಲ್ಲಿ ಕೊಡು, ಸರಪಣಿ ಹಾಳು ಮಾಡ್ತಿದೀಯ” ಎಂದೆ.

ಔಡೆನಾರ್ಡೆಯ ಪೇಟೆ ಚೌಕದ ಕನ್ನಡಕದ ಅಂಗಡಿಯ ಸೆರ್ವಾಸ್ ತೆಳ್ಳಗಿನ, ನಾಜೂಕು ಬೆರಳಿನ ಮನುಷ್ಯ. ಸೈಕಲ್ ತುಳಿಯುವುದಿಲ್ಲವಂತೆ. ಈ ಊರಲ್ಲಿ ಹುಟ್ಟಿ ಸೈಕಲ್ ತುಳಿಯದವನನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಅವನು ಮೊದಲು ತೆಗೆದದ್ದು ಪಂದ್ಯದ ಸವಾರರು ಹಾಕುವಂಥ ಕಿತ್ತಳೆ ಬಣ್ಣದ ದೊಡ್ಡ ಕನ್ನಡಕ. ಒಂದೇ ಅಗಲದ ಗಾಜು, ಅದರ ಒಳಗೆ ನಂಬರಿನ ಎರಡು ಪುಟ್ಟ ಗಾಜು ಸಿಕ್ಕಿಸಬೇಕು. ವೀರ್ಲೆ ಕನ್ನಡಿಯ ಮುಂದೆ ಅತ್ತ ತಿರುಗಿ ಇತ್ತ ತಿರುಗಿ ನೋಡಿಕೊಂಡಳು. ಮೆಚ್ಚಿಗೆಯಾಗಿತ್ತು.

“ಹೇಗಿದೀನೋ?”

“ಜಾಮ್ ಬಾಟ್ಲಿ ಮೇಲೆ ಕೂತ ನೊಣ.”

ಅವಳು ಹೆಲ್ಮೆಟ್ ಹಾಕಿಕೊಂಡು ಅಂಗಡಿಯ ಮಹಡಿ ಮೆಟ್ಟಿಲನ್ನು ಓಡಿ ಹತ್ತಿದಳು, ಓಡಿ ಇಳಿದಳು, ಮತ್ತೆ ಹತ್ತಿದಳು. ಸೆರ್ವಾಸ್ ಬಾಯಿ ಬಿಟ್ಟುಕೊಂಡು ನಿಂತ. ಇಳಿದು ಬಂದಾಗ ಒಳಗಿನ ಗಾಜಿಗೂ ಹೊರಗಿನ ಗಾಜಿಗೂ ನಡುವೆ ಮಂಜು ಕಟ್ಟಿತ್ತು. ಕೈ ಹಾಕಿ ಒರೆಸಲು ದಾರಿಯಿಲ್ಲ.

“ದಿಬ್ಬದ ಮೇಲೆ ಹೀಗೇ ಏದುಸಿರು ಬರುತ್ತೆ ಸ್ವಾಮಿ. ಬೇಡ, ತೆಗೆದಿಡಿ. ಚೆನ್ನಾಗೇನೋ ಇತ್ತು” ಎಂದಳು ಆಸೆಯಿಂದ ಅದನ್ನೇ ನೋಡುತ್ತ.

ಆಮೇಲೆ ಬಂದದ್ದು, ಮೇಲ್ಭಾಗದಲ್ಲಿ ದೂರ, ಕೆಳಭಾಗದಲ್ಲಿ ಹತ್ತಿರ ಕಾಣುವ ಗಾಜು. ಸೆರ್ವಾಸ್ ಕುರ್ಚಿ ತೋರಿಸಿ, “ಕೂತ್ಕೊಳ್ಳಿ ಮೇಡಂ, ಕಣ್ಣಿನ ಗುರುತು ಹಾಕ್ಕೋತೀನಿ” ಎಂದ.

“ನಾನು ಕುರ್ಚಿ ಮೇಲೆ ಕೂತು ಸೈಕಲ್ ಹೊಡಿಯಲ್ಲ. ಲೀವೆನ್, ಹೋಗಿ ಸೈಕಲ್ ತಗೊಂಡು ಬಾ.”

“ಅಂಗಡಿ ಒಳಕ್ಕಾ?” ಎಂದು ನಾನೂ ಸೆರ್ವಾಸನೂ ಒಟ್ಟಿಗೇ ಕೇಳಿದೆವು.

ತಂದೆ. ನಾನು ಸೀಟು ಹಿಡಿದು ನಿಂತೆ, ಅವಳು ಹತ್ತಿ ಹ್ಯಾಂಡಲಿನ ಕೆಳಗಿನ ಬಾಗು ಹಿಡಿದು ಬಗ್ಗಿದಳು. ಬಗ್ಗಿದಾಗ ಕಣ್ಣು ನೋಡುವುದು ಗಾಜಿನ ನಡುವಿನಿಂದಲ್ಲ, ಹುಬ್ಬಿನ ಹತ್ತಿರದ ಮೇಲಂಚಿನಿಂದ. ನೆಟ್ಟಗೆ ನಿಂತಾಗ ಚೆನ್ನಾಗಿ ಕೂತಿದ್ದ ಚೌಕಟ್ಟಿನ ಮೇಲುಪಟ್ಟಿ ಸೈಕಲ್ ಮೇಲೆ ಸರಿಯಾಗಿ ದಾರಿಗೇ ಅಡ್ಡ ಬಂತು. ಸೆರ್ವಾಸ್ “ಹೌದಲ್ಲಾ!” ಎಂದು ಮಂಡಿಯೂರಿ ಕೂತುಬಿಟ್ಟ. ಅಳತೆಪಟ್ಟಿ, ಪೆನ್ನು ಹಿಡಿದು, ಅವಳ ಮುಖವನ್ನು ಕೆಳಗಿನಿಂದ ನೋಡತೊಡಗಿದ. ಮನುಷ್ಯನಿಗೆ ಹುಮ್ಮಸ್ಸು ಬಂದದ್ದು ಕಂಡು ನನಗೂ ಅವನ ಮೇಲೆ ಸ್ವಲ್ಪ ಪ್ರೀತಿ ಬಂತು.

ಕನ್ನಡಕದ ತಿರುಪು ಬಿಗಿ ಮಾಡಿಸಲು ಬಂದಿದ್ದ ಒಬ್ಬ ಅಜ್ಜಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ನಾಟಕ ನೋಡುವ ಹಾಗೆ ಕೂತಿದ್ದರು. “ಯಾವೂರಿಗಮ್ಮಾ ಸವಾರಿ?” ಎಂದು ಕೇಳಿದರು.

“ಇವನು ಸೀಟು ಹಿಡಿಯೋ ಚಂದ ನೋಡಿದ್ರೆ ಆಸ್ಪತ್ರೆಗೇ ಅಜ್ಜಿ” ಎಂದು ವೀರ್ಲೆ ಕ್ಯಾಪ್ಟನ್ ಸಾಲು ಎಣಿಸುವ ಹಾಗೆ ಭುಜದ ಮೇಲಿನಿಂದ ಹಿಂದೆ ತಿರುಗಿದಳು. “ಅಯ್ಯೋ, ಲೀವೆನ್, ಅಲೆ ಅಲೆಯಾಗಿ ಕಾಣ್ತಿದೀಯ. ಅಗಲ ಬೇರೆ ಆಗಿದೀಯ.”

“ಅಗಲ ಆಗಿರೋದು ಕನ್ನಡಕದ ತಪ್ಪಲ್ಲ ಬಿಡಮ್ಮ” ಎಂದರು ಅಜ್ಜಿ.

ನಕ್ಕು ಮುಗಿದ ಮೇಲೆ ಸೆರ್ವಾಸ್ ವಿಷಯ ಹೇಳಿದ. ಎರಡೂ ಕಾಣುವ ಗಾಜಿನಲ್ಲಿ ಪಕ್ಕದ ಅಂಚು ಹೀಗೆ ಅಲುಗುತ್ತದೆ, ಕೆಳಗೆ ನೋಡಿದರೆ ಚಕ್ರದ ಮುಂದಿನ ರಸ್ತೆ ಮಸುಕಾಗುತ್ತದೆ. ಬರೀ ದೂರದ ಗಾಜು ಹಾಕಿದರೆ ಅಂಚಿನವರೆಗೂ ಸ್ವಚ್ಛ. ಆದರೆ ಹ್ಯಾಂಡಲಿನ ಮೇಲಿರುವ ಪುಟ್ಟ ಯಂತ್ರದ ಅಂಕಿಗಳು ಅವಳಿಗೆ ಇನ್ನು ಕಾಣುವುದಿಲ್ಲ. ವೇಗ, ದೂರ, ಏರು, ಯಾವುದೂ ಇಲ್ಲ.

ಅಂಕಿ ಎಂದರೆ ವೀರ್ಲೆಗೆ ಪ್ರಾಣ. ದಿಬ್ಬದ ಮೇಲೆ ತನ್ನ ವೇಗ ಒಂದಂಕಿ ಹೆಚ್ಚಾದರೆ ಊಟದಲ್ಲೂ ಅದನ್ನೇ ಹೇಳುತ್ತಾಳೆ, ಮಲಗುವಾಗಲೂ ಅದನ್ನೇ. ಅವಳು ಯಂತ್ರವನ್ನು ನೋಡಿದಳು, ಗಾಜಿನ ಬಾಗಿಲಾಚೆಗಿನ ಚೌಕವನ್ನು ನೋಡಿದಳು. ಆಮೇಲೆ ಯಂತ್ರವನ್ನು ಹ್ಯಾಂಡಲಿನಿಂದ ಕಳಚಿ ನನ್ನ ಅಂಗಿಯ ಜೇಬಿಗೆ ಹಾಕಿದಳು.

“ನಿನ್ನ ಸೈಕಲ್‌ಗೆ ಹಾಕ್ಕೋ. ನಾನು ಕೇಳಿದಾಗ ಓದಿ ಹೇಳು. ನನ್ನ ವೇಗ ನಂಗೆ ಕಾಣದಿದ್ರೂ ನಡೆಯುತ್ತೆ, ಗುಂಡಿ ಕಾಣಬೇಕು.”

ನಾನು ಮತ್ತೆ ಸಿಡುಕಿದೆ. “ಬೇಗ ಚೌಕಟ್ಟು ಆರಿಸು, ನನ್ನ ಕೈ ಸೋತುಹೋಯ್ತು.”

ಚೌಕಟ್ಟು ಆರಿಸುವುದು ಬೇಗ ಮುಗಿಯಲಿಲ್ಲ. ಸೆರ್ವಾಸ್ ಒಳಗಿನಿಂದ ತನ್ನ ಹೆಂಡತಿಯ ಕೂದಲೊಣಗಿಸುವ ಯಂತ್ರ ತಂದು ತಣ್ಣನೆ ಗಾಳಿಯನ್ನು ವೀರ್ಲೆಯ ಮುಖಕ್ಕೆ ಬಿಟ್ಟ. ಯಾವುದರಲ್ಲಿ ಕಣ್ಣೀರು ಬಂತೋ ಅದು ಹೊರಗೆ. ಅಜ್ಜಿಗೆ ಗಾಳಿ ಹಿಡಿಯುವ ಕೆಲಸ ಒಪ್ಪಿಸಲಾಯಿತು, ಅವರು ಅದನ್ನು ಬಹಳ ನಿಷ್ಠೆಯಿಂದ ಮಾಡಿದರು. ಕೊನೆಗೆ ಉಳಿದದ್ದು ಕೆನ್ನೆಗೆ ಒತ್ತಿ ಕೂರುವ, ಮೇಲುಪಟ್ಟಿಯೇ ಇಲ್ಲದ ಒಂದು ಕೆಂಪು ಚೌಕಟ್ಟು. ಗಾಜು ತಿಳಿ ಗುಲಾಬಿ, ಬಿಸಿಲು ಬಂದರೆ ತಾನೇ ಕಪ್ಪಾಗುತ್ತದೆಯಂತೆ. “ನಮ್ಮೂರಲ್ಲಿ ಅದು ಕಪ್ಪಾಗೋದನ್ನ ನೋಡೋಕೆ ನಾನು ಬದುಕಿರಲ್ಲ ಬಿಡಿ” ಎಂದರು ಅಜ್ಜಿ.

ಕನ್ನಡಕ ಬಂದದ್ದು ಮಾರ್ಚ್ ಕೊನೆಗೆ. ಭಾನುವಾರ ಬೆಳಿಗ್ಗೆ ಅವಳು ಅದರ ಕಡ್ಡಿಗಳನ್ನು ಹೆಲ್ಮೆಟ್ಟಿನ ಪಟ್ಟಿಯ ಹೊರಗೆ ಬರುವ ಹಾಗೆ ಹಾಕಿಕೊಂಡಳು. ಒಳಗೆ ಹಾಕಿದವರನ್ನು ನಮ್ಮ ಸಂಘ ಮನುಷ್ಯರೆಂದೇ ಲೆಕ್ಕಕ್ಕಿಡುವುದಿಲ್ಲ. ಹೊರಟ ಮೇಲೆ ಅವಳ ಬಾಯಿ ನಿಲ್ಲಲಿಲ್ಲ. “ಲೀವೆನ್, ಮರದಲ್ಲಿ ಚಿಗುರು ಒಂದೊಂದಾಗಿ ಕಾಣ್ತಿದೆ ಕಣೋ! ಆ ಹಸು ಕಿವಿಯಲ್ಲಿ ಹಳದಿ ಬಿಲ್ಲೆ ಇದೆ! ಚರ್ಚಿನ ಗಡಿಯಾರ ತಪ್ಪು ತೋರಿಸ್ತಿದೆ!”

ಆದರೆ ಹಿಂದೆ ಕಥೆಯೇ ಬೇರೆ. ಕೊಕ್ಕರೆಯ ತಮಾಷೆ ಇನ್ನೂ ಸತ್ತಿರಲಿಲ್ಲ. ವೀರ್ಲೆ “ಗೂಟ!” ಎಂದಾಗಲೆಲ್ಲ ನೋರ್ಬರ್ಟ್ ಹಿಂದಿನಿಂದ “ಕೊಕ್ಕರೆ!” ಎನ್ನುತ್ತಿದ್ದ, ಸಾಲು ಕಿಸಕ್ಕೆಂದು ನಗುತ್ತಿತ್ತು. ಪ್ರತಿಸಲವೂ ಗೂಟ ಗೂಟವೇ ಆಗಿರುತ್ತಿತ್ತು. ಆದರೂ ಜನ ಪಕ್ಕಕ್ಕೆ ಇಣುಕಿ ನೋಡಿ, ಖಾತ್ರಿ ಮಾಡಿಕೊಂಡು, ಆಮೇಲೆ ಸರಿಯುತ್ತಿದ್ದರು. ಇದು ನನ್ನ ಮೈ ಉರಿಸಿತು. ಕ್ಯಾಪ್ಟನ್ನಿನ ಕಣ್ಣು ಸರಿಹೋಗಿ, ಸಾಲಿಗೆ ನಂಬಿಕೆ ಹೋದರೆ ಸೀಟಿಯಿದ್ದು ಏನು ಪ್ರಯೋಜನ? ವೀರ್ಲೆಗೂ ಅದು ಗೊತ್ತಾಯಿತು. ಅವಳು ಮಾತು ನಿಲ್ಲಿಸಿದಳು.

ಹೊಳೆಯ ದಂಡೆಗೆ ಬಂದೆವು. ನೀರಿನ ಮೇಲಿನಿಂದ ಮಂಜು ಎದ್ದಿತ್ತು. ಅದೇ ತಿರುವು. ನೋರ್ಬರ್ಟ್ ಸಾಲಿನಿಂದ ಹೊರಬಂದು ದಾರಿಯ ನಡುವೆ, ನನ್ನ ಪಕ್ಕಕ್ಕೇ ಬಂದ. ಮುಂದೆ ನೋಡಿ ಗಟ್ಟಿಯಾಗಿ ನಕ್ಕ.

“ಕ್ಯಾಪ್ಟನ್, ನಿಮ್ಮ ನೆಂಟ ಕಾಯ್ತಾ ನಿಂತಿದಾನೆ! ಕೊಕ್ಕರೆ! ಕೊಕ್ಕರೆ!”

ಸಾಲೆಲ್ಲ ನಕ್ಕಿತು.

“ಗೂಟ!” ಎಂದಳು ವೀರ್ಲೆ.

ನನಗೆ ಕಂಡದ್ದು ಅವಳ ಬೆನ್ನು ಮಾತ್ರ. ನಿಜ ಹೇಳುತ್ತೇನೆ, ಆ ಜಾಗದಲ್ಲಿ ಎಂದೂ ಗೂಟ ಇರಲಿಲ್ಲ, ಕೊಕ್ಕರೆಯೇ ನಿಲ್ಲುತ್ತಿದ್ದದ್ದು. ನನಗೂ ಇಣುಕಿ ನೋಡಬೇಕೆನ್ನಿಸಿತು. ಆಗ ಅವಳು ಇನ್ನೊಮ್ಮೆ ಕೂಗಲಿಲ್ಲ, ತಿರುಗಿಯೂ ನೋಡಲಿಲ್ಲ, ಎಡಗೈಯನ್ನು ಬೆನ್ನ ಹಿಂದೆ ತಂದು ಪಕ್ಕಕ್ಕೆ ಸರಿಯಿರಿ ಎಂದು ಅತ್ತ ಇತ್ತ ಬೀಸಿದಳು. ಆ ಕೈ ನನಗೆ ಗೊತ್ತು. ನಾನು ಗಂಟಲು ಹರಿಯುವ ಹಾಗೆ “ಗೂಟ!” ಎಂದು ಕಿರುಚಿದೆ. ಒಂದು ಕ್ಷಣ ಹಿಂದೆ ಯಾವ ದನಿಯೂ ಇಲ್ಲ. ಆಮೇಲೆ ಒಬ್ಬರು “ಗೂಟ!” ಎಂದರು, ಇನ್ನೊಬ್ಬರು ಎಂದರು, ಕೂಗು ಕೊನೆಯವರೆಗೆ ಓಡಿತು, ಸಾಲು ಇಬ್ಭಾಗವಾಯಿತು.

ನೋರ್ಬರ್ಟ್ ಮಾತ್ರ ಅದು ಹಾರುವುದನ್ನೇ ಕಾಯುತ್ತ ನೆಟ್ಟಗೆ ಹೋದ. ಅದು ಹಾರಲಿಲ್ಲ.

ಕೊನೆಗಳಿಗೆಯಲ್ಲಿ ಬ್ರೇಕ್ ಹಿಡಿದು ಪಕ್ಕಕ್ಕೆ ಎಳೆದ. ದಂಡೆಯ ಹುಲ್ಲಿನ ಮೇಲೆ ಸೈಕಲ್ ಸಮೇತ ಜಾರಿ, ತುರಿಕೆ ಗಿಡಗಳ ನಡುವಿನಿಂದ ಹಾದು, ನೀರಂಚಿನ ಕೆಸರಿನಲ್ಲಿ ಪಟ್ಟಾಗಿ ಕೂತ. ವೀರ್ಲೆ ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿದಳು. ದಾರಿಯ ನಡುವೆ ಹೊಚ್ಚಹೊಸ ಗೂಟ, ಬಣ್ಣ ಕೂಡ ಹಚ್ಚಿಲ್ಲ. ಆ ವಾರವೇ ಯಾವನೋ ಪುಣ್ಯಾತ್ಮ ನೆಟ್ಟು ಹೋಗಿದ್ದ.

ಅವಳು ಸೈಕಲ್ ಮಲಗಿಸಿ ದಂಡೆಗೆ ಇಳಿದಳು. ಈಗ ಕ್ಯಾಪ್ಟನ್ ಅವನ ಮಾನ ಹರಾಜು ಹಾಕುತ್ತಾಳೆಂದು ಎಲ್ಲರೂ ಕಿವಿ ನಿಮಿರಿಸಿ ನಿಂತೆವು.

“ಪೆಟ್ಟಾಯ್ತಾ ನೋರ್ಬರ್ಟ್?”

“ಇಲ್ಲ. ತುರಿಕೆ ಅಷ್ಟೇ.” ಅವನು ಕೆಸರಲ್ಲೇ ಕೂತು ಕಣ್ಣು ಕಿರಿದು ಮಾಡಿ ಗೂಟವನ್ನು ನೋಡಿದ. ಬಹಳ ಹೊತ್ತು ನೋಡಿದ. ಮುಖದ ಮೇಲಿನ ನಗು ಮಾಯವಾಗಿತ್ತು. “ತಮಾಷೆಗೆ ಹೇಳಿದ್ದಲ್ಲ ವೀರ್ಲೆ. ನಂಗೆ ಕೊಕ್ಕರೇನೇ ಕಾಣ್ತು. ಕೊಕ್ಕು ಕೂಡ ಕಾಣ್ತು.”

ವೀರ್ಲೆ ಕೈ ಚಾಚಿ ಅವನನ್ನು ಎಬ್ಬಿಸಿದಳು.

“ಬುಧವಾರ ನಂಜೊತೆ ಸೆರ್ವಾಸ್ ಅಂಗಡಿಗೆ ಬಾ. ಸೈಕಲ್ ತೊಳ್ಕೊಂಡು ತಾ, ಒಳಗೆ ಕೆಸರಾಗಬಾರದು. ಸೀಟು ನಾನು ಹಿಡ್ಕೋತೀನಿ.”

“ಕೆಂಪು ಚೌಕಟ್ಟು ಬೇಡ ನಂಗೆ.”

“ನಿನ್ನ ಮುಖಕ್ಕೆ ಕೆಂಪು ಯಾಕೆ, ಆಗಲೇ ಇದೆಯಲ್ಲ.”

ಮತ್ತೆ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಅವಳು ತಿರುಗದೆ ಕೇಳಿದಳು, “ಎಷ್ಟಿದೆಯೋ?”

ನನ್ನ ಹ್ಯಾಂಡಲಿನ ಮೇಲಿನ ಯಂತ್ರ ಗಂಟೆಗೆ ಇಪ್ಪತ್ತಾರು ಕಿಲೋಮೀಟರ್ ತೋರಿಸುತ್ತಿತ್ತು. ಇಪ್ಪತ್ತೆಂಟು ಎಂದರೆ ಎಷ್ಟು ಖುಷಿಪಡುತ್ತಾಳೆಂದು ನನಗೆ ಗೊತ್ತಿತ್ತು. ಅವಳು ನೋಡುವಂತಿಲ್ಲ, ನಂಬಬೇಕು.

“ಇಪ್ಪತ್ತಾರು.”

“ಅಷ್ಟೇನಾ?”

“ಅಷ್ಟೇ.”

ಅವಳು ಬೈದುಕೊಂಡು ಇನ್ನೂ ಜೋರಾಗಿ ತುಳಿದಳು. ತಿರುವು ದಾಟುತ್ತಲೇ “ಗುಂಡಿ!” ಎಂದಳು. ನಾನು “ಗುಂಡಿ!” ಎಂದೆ. ಕೂಗು ಒಬ್ಬೊಬ್ಬರನ್ನೂ ದಾಟಿ ಸಾಲಿನ ಕೊನೆಗೆ ಹೋಯಿತು, ಅಲ್ಲಿಂದ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ನೋರ್ಬರ್ಟ್‌ನ ದನಿ.